ಆಟಗಾರ ಯಾರ ಕೈಯಲ್ಲಿ? ಒಲಿಂಪಿಕ್ ಸಿಂಗಲ್ಸ್‌ನ 64 ವರ್ಷಗಳ ಗೈರುಹಾಜರಿ

1924ರ ಬೇಸಿಗೆಯಲ್ಲಿ, ಪ್ಯಾರಿಸ್ ಹೊರವಲಯದ ಕೊಲೊಂಬ್‌ನಲ್ಲಿ ನಡೆದ ಒಲಿಂಪಿಕ್ ಟೆನಿಸ್ ಫೈನಲ್‌ನಲ್ಲಿ ಅಮೆರಿಕದ ವಿನ್ಸೆಂಟ್ ರಿಚರ್ಡ್ಸ್ ಫ್ರಾನ್ಸಿನ ಆನ್ರಿ ಕೊಶೆ ಅವರನ್ನು ಐದು ಸೆಟ್‌ಗಳಲ್ಲಿ ಸೋಲಿಸಿದರು. ಮಹಿಳೆಯರ ಚಿನ್ನ ಹೆಲೆನ್ ವಿಲ್ಸ್ ಪಾಲಾಯಿತು. ಅವರಿಬ್ಬರ ಮುಂದಿನ ಸಾಲಿನಲ್ಲಿ ಮತ್ತೊಂದು ಜೋಡಿ ಹೆಸರು ಬರೆಯಲು 1988ರ ತನಕ ಕಾಯಬೇಕಾಯಿತು. ಆಧುನಿಕ ಒಲಿಂಪಿಕ್‌ನ ಮೊದಲ ಕೂಟದಲ್ಲೇ ಇದ್ದ ಆಟವೊಂದು 64 ವರ್ಷ ಪದಕಪಟ್ಟಿಯಿಂದ ಮಾಯವಾದದ್ದೇಕೆ? ಇದಕ್ಕೊಂದು ಸಿದ್ಧ ಉತ್ತರವಿದೆ. ಟೆನಿಸ್‌ಗೆ ದುಡ್ಡು ಬಂತು, ಒಲಿಂಪಿಕ್ ಹವ್ಯಾಸಿಗಳ ಕೂಟವಾಗಿತ್ತು, ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಮುಂದೆ ಒಲಿಂಪಿಕ್ ತನ್ನ ಮಡಿವಂತಿಕೆ ಬಿಟ್ಟಿತು, ಟೆನಿಸ್ ಮರಳಿತು. ಕೇಳಲು ಸರಿಯೆನಿಸುತ್ತದೆ. ಆದರೆ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ಜಗಳದ ಬೇರು ಇದ್ದದ್ದು ಹಿಡಿತದಲ್ಲಿ ಎಂಬುದು ನನ್ನ ವಾದ. ಆಟಗಾರ ಯಾವ ವಾರ ಎಲ್ಲಿ ಆಡಬೇಕು, ಜಗತ್ತಿನ ಶ್ರೇಷ್ಠ ಎಂಬ ಪಟ್ಟ ಕಟ್ಟುವ ಹಕ್ಕು ಯಾರದು, ವರ್ಷದ ವೇಳಾಪಟ್ಟಿ ಬರೆಯುವವರು ಯಾರು ಎಂಬುದೇ ಅಲ್ಲಿನ ಪ್ರಶ್ನೆ. ಟೆನಿಸ್ ಒಲಿಂಪಿಕ್ ಬಿಟ್ಟದ್ದೂ ಈ ಕಾರಣಕ್ಕೆ, ಮರಳಿದ್ದೂ ಈ ಕಾರಣಕ್ಕೆ. ಇವತ್ತು ಆ ಚಿನ್ನದ ತೂಕ ಎಷ್ಟು ಎಂಬ ಮುಗಿಯದ ಚರ್ಚೆಗೂ ಇಲ್ಲೇ ಉತ್ತರ ಹುಡುಕಬೇಕು.

ಶುರುವಿನಿಂದಲೇ ಇಲ್ಲೊಂದು ಓರೆ ಇತ್ತು. ಓಟ, ಜಿಗಿತ, ಎಸೆತಗಳಿಗೆ 1896ರ ಅಥೆನ್ಸ್ ಮೊದಲ ಅಂತರರಾಷ್ಟ್ರೀಯ ಮನೆ. ಅವುಗಳಿಗೆ ಒಲಿಂಪಿಕ್ ತವರಾದರೆ ಟೆನಿಸ್‌ಗೆ ನೆಂಟರ ಮನೆ. ವಿಂಬಲ್ಡನ್ 1877ರಿಂದ, ಅಮೆರಿಕದ ಚಾಂಪಿಯನ್‌ಷಿಪ್ 1881ರಿಂದ ನಡೆಯುತ್ತಿದ್ದವು. ಅಥೆನ್ಸ್‌ನ ಟೆನಿಸ್ ಹೇಗಿತ್ತು ಎಂಬುದಕ್ಕೆ ಮೊದಲ ಚಾಂಪಿಯನ್ ಜಾನ್ ಪಯಸ್ ಬೋಲೆಂಡ್ ಅವರ ಕಥೆಯೇ ಸಾಕು. ಐರಿಷ್ ಮೂಲದ ಈ ಆಕ್ಸ್‌ಫರ್ಡ್ ವಿದ್ಯಾರ್ಥಿ ಅಲ್ಲಿಗೆ ಹೋದದ್ದು ಕೂಟ ನೋಡಲೆಂದು. ಸಂಘಟನೆಯಲ್ಲಿ ಕೈಜೋಡಿಸಿದ್ದ ಗ್ರೀಕ್ ಗೆಳೆಯನೊಬ್ಬ ಅವರ ಹೆಸರನ್ನು ಟೆನಿಸ್ ಪಟ್ಟಿಗೆ ಸೇರಿಸಿದ. ರ‍್ಯಾಕೆಟನ್ನು ಅಥೆನ್ಸ್‌ನಲ್ಲೇ ಕೊಂಡರು. ಆಟಕ್ಕೆ ತಕ್ಕ ಬೂಟು ಸಿಗದೆ, ಹಿಮ್ಮಡಿ ಎತ್ತರಿಸಿದ ಚರ್ಮದ ಅಟ್ಟೆಯ ಬೂಟಿನಲ್ಲೇ ಕೋರ್ಟಿಗಿಳಿದರು. ಮೊದಲ ಸುತ್ತಿನಲ್ಲಿ ಜರ್ಮನಿಯ ಫ್ರೆಡ್ರಿಕ್ ಟ್ರೌನ್ ಅವರನ್ನು ಸೋಲಿಸಿದರು, ಆಮೇಲೆ ಅದೇ ಟ್ರೌನ್ ಜೊತೆ ಸೇರಿ ಡಬಲ್ಸ್ ಗೆದ್ದರು. ಸಿಂಗಲ್ಸ್ ಫೈನಲ್‌ನಲ್ಲಿ ಅವರಿಗೆ ಸೋತವರು ಗ್ರೀಸ್‌ನ ಡಿಯೊನಿಸಿಯೊಸ್ ಕಸ್ದಾಗ್ಲಿಸ್. ಇವತ್ತಿನ ಪಟ್ಟಿಗಳಲ್ಲಿ ಬೋಲೆಂಡ್ ಎರಡು ‘ಚಿನ್ನ’ದ ಒಡೆಯರು; ಆ ವರ್ಷ ಗೆದ್ದವರಿಗೆ ಕೊಟ್ಟದ್ದು ಬೆಳ್ಳಿ. ವಿಂಬಲ್ಡನ್‌ನ ಹೆಸರಾಂತರು ಯಾರೂ ಅತ್ತ ತಲೆ ಹಾಕಿರಲಿಲ್ಲ. ಬೋಲೆಂಡ್ ಕೂಡ ಮುಂದೆ ದೊಡ್ಡ ಆಟಗಾರರಾಗದೆ ಬ್ರಿಟಿಷ್ ಸಂಸತ್ತಿನಲ್ಲಿ ಐರಿಷ್ ಸದಸ್ಯರಾದರು.

ಹಾಗೆಂದು ಆ ಕಾಲದ ಒಲಿಂಪಿಕ್ ಟೆನಿಸ್ ಬರೀ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. 1900ರಲ್ಲಿ ಪ್ಯಾರಿಸ್‌ನ ಸೇನ್ ನದಿಯ ನಡುವಿನ ಪ್ಯೂಟೋ ದ್ವೀಪದ ಕ್ಲಬ್‌ನಲ್ಲಿ ಆಡಿದವರಲ್ಲಿ ಆಗಲೇ ಮೂರು ಸಲ ವಿಂಬಲ್ಡನ್ ಗೆದ್ದಿದ್ದ ಶಾರ್ಲಟ್ ಕೂಪರ್ ಇದ್ದರು. ಜುಲೈ 11ರಂದು ಫ್ರಾನ್ಸಿನ ಎಲೆನ್ ಪ್ರೆವೊ ಅವರನ್ನು 6-1, 6-4ರಿಂದ ಸೋಲಿಸಿ, ವೈಯಕ್ತಿಕ ಸ್ಪರ್ಧೆಯಲ್ಲಿ ಒಲಿಂಪಿಕ್ ಚಾಂಪಿಯನ್ ಆದ ಮೊದಲ ಮಹಿಳೆ ಎನಿಸಿಕೊಂಡರು. ಪುರುಷರಲ್ಲಿ ಡೊಹರ್ಟಿ ಸಹೋದರರು ಸೆಮಿಫೈನಲ್‌ನಲ್ಲೇ ಎದುರುಬದುರಾದರು. ಫೈನಲ್‌ಗೆ ಮುನ್ನ ತಮ್ಮನ ಎದುರು ಆಡುವುದು ಸಲ್ಲದೆಂದು ಅಣ್ಣ ರೆಜಿ ಹಿಂದೆ ಸರಿದರು, ತಮ್ಮ ಲಾರಿ ಚಾಂಪಿಯನ್ ಆದರು. ಇಂಥ ನಿರ್ಧಾರವನ್ನು ಆಟಗಾರರೇ ತೆಗೆದುಕೊಳ್ಳುವ ಸಲುಗೆ ಆಗ ಇತ್ತು. 1904ರ ಸೇಂಟ್ ಲೂಯಿ ಕೂಟ ಹೆಚ್ಚುಕಡಿಮೆ ಅಮೆರಿಕನ್ನರ ಆಂತರಿಕ ಪಂದ್ಯಾವಳಿ, ಅದನ್ನು ಬಿಟ್ಟು ಮುಂದೆ ಹೋಗಬಹುದು. ನಿಜವಾದ ತಿಕ್ಕಾಟ ಕಾಣಿಸಿಕೊಂಡದ್ದು 1912ರಲ್ಲಿ.

ಆ ವರ್ಷ ಸ್ಟಾಕ್‌ಹೋಮ್‌ನ ಸಂಘಟಕರು ಹೊರಾಂಗಣ ಟೆನಿಸನ್ನು ಜೂನ್ ಕೊನೆ ಮತ್ತು ಜುಲೈ ಮೊದಲ ವಾರಕ್ಕೆ ಇಟ್ಟರು. ಅವು ವಿಂಬಲ್ಡನ್‌ನ ದಿನಗಳೇ. ಫಲಿತಾಂಶ ಊಹಿಸುವಂಥದೇ: ಬ್ರಿಟನ್ ಹೊರಾಂಗಣ ಸ್ಪರ್ಧೆಗೆ ಬರಲೇ ಇಲ್ಲ. ಪುರುಷರ ಫೈನಲ್‌ನಲ್ಲಿ ಇಬ್ಬರೂ ದಕ್ಷಿಣ ಆಫ್ರಿಕದವರು. ಚಾರ್ಲ್ಸ್ ವಿನ್‌ಸ್ಲೋ ಗೆದ್ದರು. ಅದೇ ಕೂಟದ ಒಳಾಂಗಣ ಸ್ಪರ್ಧೆ ಮೇ ತಿಂಗಳಲ್ಲಿ ನಡೆದಿತ್ತು. ಅದಕ್ಕೆ ಬಂದವರಲ್ಲಿ ವಿಂಬಲ್ಡನ್ ಚಾಂಪಿಯನ್, ನ್ಯೂಜಿಲೆಂಡಿನ ಆಂಟನಿ ವೈಲ್ಡಿಂಗ್ ಕೂಡ ಇದ್ದರು, ಕಂಚಿಗೆ ತೃಪ್ತರಾದರು. ಆಟಗಾರರಿಗೆ ಒಲಿಂಪಿಕ್ ಬೇಡವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಮೇ ತಿಂಗಳಲ್ಲಿ ಬಂದವರು ಜುಲೈನಲ್ಲಿ ಬರಲಿಲ್ಲ, ಅಷ್ಟೇ. ಇಲ್ಲಿ ಹಣದ ಮಾತೇ ಇಲ್ಲ, ವಿಂಬಲ್ಡನ್ ಆಗ ಅಪ್ಪಟ ಹವ್ಯಾಸಿಗಳ ಪಂದ್ಯಾವಳಿ. ಎರಡು ಯಜಮಾನರು ಒಂದೇ ವಾರಕ್ಕೆ ಒಬ್ಬನೇ ಆಟಗಾರನನ್ನು ಕರೆದಾಗ ಅವನು ಯಾರ ಮಾತು ಕೇಳಬೇಕು ಎಂಬ ಪ್ರಶ್ನೆ ಮೊದಲ ಸಲ ಬಯಲಿಗೆ ಬಂತು.

ಮರುವರ್ಷವೇ, 1913ರ ಮಾರ್ಚ್‌ನಲ್ಲಿ, ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಲಾನ್ ಟೆನಿಸ್ ಒಕ್ಕೂಟ ಹುಟ್ಟಿತು. ಅದು ಹಂಚಿಕೊಟ್ಟ ಬಿರುದುಗಳನ್ನು ಗಮನಿಸಬೇಕು. ಹುಲ್ಲಿನ ಅಂಗಣದ ‘ವಿಶ್ವ ಚಾಂಪಿಯನ್‌ಷಿಪ್’ ಬ್ರಿಟನ್‌ಗೆ, ಅಂದರೆ ವಿಂಬಲ್ಡನ್‌ಗೆ, ಶಾಶ್ವತವಾಗಿ, ಗಟ್ಟಿ ಅಂಗಣದ ವಿಶ್ವ ಪಟ್ಟ ಪ್ಯಾರಿಸ್‌ಗೆ, ಒಳಾಂಗಣದ್ದಕ್ಕೆ ಮತ್ತೊಂದು. ಅಮೆರಿಕ ಈ ಹಂಚಿಕೆಗೆ ಒಪ್ಪದೆ ಒಕ್ಕೂಟದ ಹೊರಗೇ ಉಳಿಯಿತು. 1920ರ ದಶಕದ ಆರಂಭದಲ್ಲಿ ಆ ‘ವಿಶ್ವ’ ಬಿರುದುಗಳನ್ನು ಕೈಬಿಟ್ಟ ಮೇಲೆಯೇ ಅದು ಒಳಗೆ ಬಂದದ್ದು. ಅಂದರೆ ಟೆನಿಸ್‌ನೊಳಗೇ ವಿಶ್ವ ಪಟ್ಟ ಯಾರದೆಂಬ ಕಚ್ಚಾಟ ಹತ್ತು ವರ್ಷ ನಡೆದಿತ್ತು. ಬಹಳ ತಿಣುಕಿ ಅದು ಬಗೆಹರಿಯುವ ಹೊತ್ತಿಗೆ ನಾಲ್ಕು ವರ್ಷಕ್ಕೊಮ್ಮೆ ಬೇರೆ ಯಾರೋ ಬಂದು, ತಮ್ಮದೇ ನಿಯಮದಲ್ಲಿ ಆಡಿಸಿ, ಗೆದ್ದವರನ್ನು ಜಗತ್ತಿನ ಶ್ರೇಷ್ಠರೆಂದು ಸಾರುವುದನ್ನು ಈ ಹೊಸ ಒಕ್ಕೂಟ ಸಹಿಸಿಕೊಳ್ಳುವುದು ಸುಲಭವಿರಲಿಲ್ಲ. ಜೊತೆಗೆ ದೇಶ-ದೇಶಗಳ ಸೆಣಸಾಟಕ್ಕೆ 1900ರಿಂದಲೇ ಡೇವಿಸ್ ಕಪ್ ಇತ್ತು. ಒಲಿಂಪಿಕ್ ಕೊಡಬಹುದಾದದ್ದೆಲ್ಲ ಟೆನಿಸ್ ಬಳಿ ಆಗಲೇ ಇತ್ತು. ಫುಟ್‌ಬಾಲ್ ಜೊತೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಒಲಿಂಪಿಕ್‌ನಿಂದಾಚೆ ತನ್ನದೇ ವೇದಿಕೆ ಬೇಕೆಂದಾಗ ಫುಟ್‌ಬಾಲ್ 1930ರಲ್ಲಿ ವಿಶ್ವಕಪ್ಪನ್ನು ಹೊಸದಾಗಿ ಕಟ್ಟಬೇಕಾಯಿತು. ಟೆನಿಸ್‌ಗೆ ಆ ಗೋಜೂ ಇರಲಿಲ್ಲ.

ಮೊದಲ ಮಹಾಯುದ್ಧದ ನಂತರದ ಎರಡು ಕೂಟಗಳಲ್ಲಿ ಆಟದ ಮಟ್ಟ ಏರಿತು ಎಂಬುದು ಈ ಕಥೆಯ ವಿಚಿತ್ರ. 1920ರ ಆಂಟ್‌ವರ್ಪ್‌ನಲ್ಲಿ ಸುಜಾನ್ ಲೆಂಗ್ಲೆನ್ ಇಡೀ ಸಿಂಗಲ್ಸ್‌ನಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ನಾಲ್ಕೇ ಗೇಮ್. ಅದರಲ್ಲೂ ಮೂರು ಫೈನಲ್‌ನಲ್ಲಿ. ಪುರುಷರ ಬೆಳ್ಳಿ ಗೆದ್ದ ಇಚಿಯಾ ಕುಮಾಗಾಯೆ ಜಪಾನಿಗೆ ಯಾವುದೇ ಕ್ರೀಡೆಯಲ್ಲಿ ಮೊದಲ ಒಲಿಂಪಿಕ್ ಪದಕ ತಂದರು. 1924ರಲ್ಲಿ ಬ್ರಿಟಿಷ್ ಆಳ್ವಿಕೆಯ ಭಾರತದಿಂದಲೂ ತಂಡ ಹೋಗಿತ್ತು. ಸಿಡ್ನಿ ಜೇಕಬ್ ಕ್ವಾರ್ಟರ್‌ಫೈನಲ್ ತನಕ ಏರಿ ಫ್ರಾನ್ಸಿನ ಜೀನ್ ಬೊರೊಟ್ರಾ ಎದುರು ಐದು ಸೆಟ್‌ಗಳಲ್ಲಿ ಸೋತರು. ಅಲ್ಲಿ ಸಿಂಗಲ್ಸ್ ಆಡಿದ ನೋರಾ ಪೊಲ್ಲಿ ಒಲಿಂಪಿಕ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಮೊದಲ ಮಹಿಳೆ. ಇಷ್ಟೆಲ್ಲ ಇದ್ದರೂ ಕೊಲೊಂಬ್‌ನ ವ್ಯವಸ್ಥೆ ಆಟಗಾರರ ಪಿತ್ತ ನೆತ್ತಿಗೇರಿಸಿತು. ಕೋರ್ಟುಗಳು ಅಥ್ಲೆಟಿಕ್ಸ್ ಕ್ರೀಡಾಂಗಣದ ಮಗ್ಗುಲಲ್ಲೇ ಇದ್ದವು, ಓಟಗಾರರಿಗೆ ಎದ್ದ ಬೊಬ್ಬೆ ಸರ್ವ್ ಮಾಡುವವನ ಕಿವಿಗೆ ಬಡಿಯುತ್ತಿತ್ತು; ಬಟ್ಟೆ ಬದಲಿಸುವ ಕೋಣೆಗಳ ಬಗ್ಗೆ ದೂರುಗಳು ಬಂದವು. ಟೆನಿಸನ್ನು ಬಲ್ಲವರು ನಡೆಸಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಒಕ್ಕೂಟದ ಗೊಣಗಾಟ. ಅದು ಒಲಿಂಪಿಕ್ ಸಮಿತಿಯ ಮುಂದೆ ಇಟ್ಟ ಬೇಡಿಕೆಗಳ ತಿರುಳೂ ಅದೇ: ಟೆನಿಸ್ ಸ್ಪರ್ಧೆ ನಡೆಸುವುದರಲ್ಲಿ ತನಗೆ ಪಾಲಿರಬೇಕು, ಸಮಿತಿಯಲ್ಲಿ ತನ್ನ ದನಿಯಿರಬೇಕು, ಯಾರು ಹವ್ಯಾಸಿ ಎಂಬುದನ್ನು ತಾನೇ ತೀರ್ಮಾನಿಸಬೇಕು, ಒಲಿಂಪಿಕ್ ನೆಪದಲ್ಲಿ ತನ್ನ ಪಂದ್ಯಾವಳಿಗಳಿಗೆ ಪೆಟ್ಟು ಬೀಳಬಾರದು. ಸಮಿತಿ ಒಪ್ಪಲಿಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ ಟೆನಿಸ್ ಇರಲಿಲ್ಲ.

ಇಲ್ಲೇ ಮೊದಲ ಆಕ್ಷೇಪ ಎದುರಾಗುತ್ತದೆ. ಆ ಬೇಡಿಕೆಗಳಲ್ಲಿ ಹವ್ಯಾಸಿಯ ವ್ಯಾಖ್ಯೆಯೂ ಇತ್ತಲ್ಲ, ಹಾಗಾದರೆ ಮೂಲ ಕಾರಣ ಅದೇ ಏಕಾಗಬಾರದು ಎಂದು ಕೇಳಬಹುದು. ಬಿಲ್ ಟಿಲ್ಡನ್ ಅವರ ಉದಾಹರಣೆಯನ್ನೂ ಕೊಡಬಹುದು. ಆ ಕಾಲದ ಶ್ರೇಷ್ಠ ಆಟಗಾರ ಟಿಲ್ಡನ್ 1924ರ ಒಲಿಂಪಿಕ್‌ಗೆ ಹೋಗಲಿಲ್ಲ, ಕಾರಣ ಪತ್ರಿಕೆಗಳಿಗೆ ಬರೆದು ಸಂಭಾವನೆ ಪಡೆಯುವ ಬಗ್ಗೆ ಎದ್ದ ವಿವಾದ. ಆದರೆ ಟಿಲ್ಡನ್ ಕೈಗೆ ಕೋಳ ಹಾಕಲು ಹೊರಟಿದ್ದು ಒಲಿಂಪಿಕ್ ಸಮಿತಿಯಲ್ಲ, ಅಮೆರಿಕದ ಟೆನಿಸ್ ಸಂಸ್ಥೆಯೇ. 1926ರಲ್ಲಿ ಲೆಂಗ್ಲೆನ್ ಮತ್ತು ರಿಚರ್ಡ್ಸ್, ಅಂದರೆ ಒಲಿಂಪಿಕ್‌ನ ಇಬ್ಬರು ಸಿಂಗಲ್ಸ್ ಚಾಂಪಿಯನ್ನರು, ಸಿ.ಸಿ. ಪೈಲ್ ಎಂಬ ಉದ್ಯಮಿಯ ಜೊತೆ ಕರಾರಿಗೆ ಸಹಿ ಹಾಕಿ ವೃತ್ತಿಪರರಾದರು. ಅವರಿಗೆ ವಿಂಬಲ್ಡನ್ ಬಾಗಿಲು ಮುಚ್ಚಿತು, ಅವರನ್ನು ಹೊರಗಿಟ್ಟದ್ದು ಟೆನಿಸ್ ಒಕ್ಕೂಟವೇ. 1968ರ ತನಕ ಎಲ್ಲ ದೊಡ್ಡ ಪಂದ್ಯಾವಳಿಗಳೂ ಹವ್ಯಾಸಿಗಳಿಗಷ್ಟೇ ಮೀಸಲಾಗಿದ್ದವು. ಒಳಗಿಂದೊಳಗೆ ‘ಖರ್ಚಿನ ಬಾಬ್ತು’ ಎಂದು ಕೈಬೆಚ್ಚಗೆ ಮಾಡುವ ರೂಢಿ ಇತ್ತು, ನಿಜ. ಒಲಿಂಪಿಕ್‌ನವರ ಹವ್ಯಾಸಿ ನಿಯಮ ಅದಕ್ಕಿಂತ ಬಿಗಿಯಾಗಿತ್ತು ಎಂಬುದನ್ನೂ ಒಪ್ಪೋಣ. ಆದರೆ ಬಾಯಿಮಾತಿಗಾದರೂ ಇಬ್ಬರೂ ಜಪಿಸುತ್ತಿದ್ದುದು ಒಂದೇ ಮಂತ್ರ. ಒಂದೇ ಧರ್ಮದವರು ನಾಲ್ಕು ದಶಕ ಮುಖ ತಿರುಗಿಸಿಕೊಂಡು ಕೂತಿದ್ದರೆ ಕಾರಣವನ್ನು ಧರ್ಮದಲ್ಲಿ ಹುಡುಕಿ ಫಲವಿಲ್ಲ. ಹವ್ಯಾಸಿ ಯಾರು ಎಂಬುದಕ್ಕಿಂತ, ಹಾಗೆಂದು ಹೇಳುವ ಅಧಿಕಾರ ಯಾರದು ಎಂಬುದೇ ಅವರ ತಂಟೆಯಾಗಿತ್ತು.

ಈ ವಾದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಟೆನಿಸ್ ಮರಳಿ ಬಂದ ಕಾಲ. ಹಣವೇ ಅಡ್ಡಿಯಾಗಿದ್ದರೆ, ಟೆನಿಸ್ ಹಣಕ್ಕೆ ಬಾಗಿಲು ತೆರೆದ ಗಳಿಗೆಯಿಂದ ಇಬ್ಬರ ನಡುವಿನ ಅಂತರ ಹೆಚ್ಚಬೇಕಿತ್ತು. ನಡೆದದ್ದು ಉಲ್ಟಾ. 1968ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಹವ್ಯಾಸಿಗಳೂ ವೃತ್ತಿಪರರೂ ಸೇರಿ ಆಡುವ ಮೊದಲ ‘ಓಪನ್’ ಪಂದ್ಯಾವಳಿ ನಡೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೆಕ್ಸಿಕೊ ಒಲಿಂಪಿಕ್‌ನ ಭಾಗವಾಗಿ ಗ್ವಾಡಲಹಾರಾದಲ್ಲಿ ಪದಕಪಟ್ಟಿಗೆ ಸೇರದ ಪ್ರದರ್ಶನ ಸ್ಪರ್ಧೆಯಾಗಿ ಟೆನಿಸ್ ಕಾಣಿಸಿಕೊಂಡಿತು. ಸ್ಪೇನ್‌ನ ಮಾನ್ವೆಲ್ ಸಾಂತಾನಾ ಸಿಂಗಲ್ಸ್ ಗೆದ್ದರು. 1970ರ ದಶಕದಲ್ಲಿ ಬಹುಮಾನದ ಮೊತ್ತ ಏರುತ್ತಾ ಹೋದಂತೆ ಒಲಿಂಪಿಕ್‌ಗಾಗಿ ಟೆನಿಸ್ ಒಕ್ಕೂಟದ ಓಡಾಟವೂ ಏರಿತು. ಇದನ್ನು ಬಿಡಿಸಿ ಹೇಳುವ ಒಂದು ಘಟನೆ 1973ರದು. ಯುಗೊಸ್ಲಾವಿಯದ ನಿಕಿ ಪಿಲಿಚ್ ಡೇವಿಸ್ ಕಪ್ ಪಂದ್ಯಕ್ಕೆ ಬರಲಿಲ್ಲವೆಂದು ಅಲ್ಲಿನ ಟೆನಿಸ್ ಸಂಸ್ಥೆ ಅವರನ್ನು ಅಮಾನತು ಮಾಡಿತು. ಅಂತರರಾಷ್ಟ್ರೀಯ ಒಕ್ಕೂಟ ಶಿಕ್ಷೆಯನ್ನು ಒಂದು ತಿಂಗಳಿಗೆ ಇಳಿಸಿದರೂ ವಿಂಬಲ್ಡನ್ ಆ ತಿಂಗಳಲ್ಲೇ ಬರುತ್ತಿತ್ತು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ವೃತ್ತಿಪರ ಆಟಗಾರರ ಸಂಘ, ಎಟಿಪಿ, ತಿರುಗಿ ಬಿತ್ತು. 81 ಆಟಗಾರರು ವಿಂಬಲ್ಡನ್ ಬಹಿಷ್ಕರಿಸಿದರು. ಅದೇ ವರ್ಷ ಮಹಿಳೆಯರ ಸಂಘ ಡಬ್ಲ್ಯುಟಿಎ ಕೂಡ ತಲೆಯೆತ್ತಿತು. ದೇಶಕ್ಕಾಗಿ ಆಡು ಎಂದು ಆಟಗಾರನಿಗೆ ಅಪ್ಪಣೆ ಕೊಡುವ ಕಾಲ ಮುಗಿಯಿತೆಂದು ಎಲ್ಲ ದೇಶಗಳ ಟೆನಿಸ್ ಸಂಸ್ಥೆಗಳಿಗೂ ಅರ್ಥವಾದದ್ದು ಆಗ.

ಈ ಹಿನ್ನೆಲೆಯಲ್ಲಿ ಫಿಲಿಪ್ ಶಾತ್ರಿಯೆ ಅವರ ಕೆಲಸವನ್ನು ನೋಡಬೇಕು. ಫ್ರೆಂಚ್ ಟೆನಿಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅವರು 1977ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರೂ ಆದರು, 1991ರ ತನಕ ಇದ್ದರು. ಒಲಿಂಪಿಕ್‌ಗೆ ಟೆನಿಸ್ ಮರಳಬೇಕೆಂಬುದು ಅವರ ಹಟ. ಆದರ್ಶದ ಮಾತು ಅದರಲ್ಲಿ ಇತ್ತು, ಇಲ್ಲವೆನ್ನಲಾರೆ. ಹಣದ ಹೊಳೆಯಲ್ಲಿ ಆಟ ಕೊಚ್ಚಿಹೋಗುತ್ತಿದೆ ಎಂಬ ಅಳಲು ಅವರದು. ಆದರೆ ಅದಕ್ಕಿಂತ ಗಟ್ಟಿಯಾದ ಲೆಕ್ಕವೂ ಇತ್ತು. ಬಹಳಷ್ಟು ದೇಶಗಳಲ್ಲಿ, ಅದರಲ್ಲೂ ಸೋವಿಯತ್ ಒಕ್ಕೂಟ ಮತ್ತು ಚೀನಾದಂಥ ಕಡೆ, ಸರ್ಕಾರದ ಹಣ, ತರಬೇತಿ ಕೇಂದ್ರ, ಕೋಚ್‌ಗಳು ಮೊದಲು ಸಿಗುತ್ತಿದ್ದುದು ಒಲಿಂಪಿಕ್ ಕ್ರೀಡೆಗಳಿಗೆ. ಪದಕ ಸಿಗದ ಆಟವನ್ನು ಕ್ರೀಡಾ ಇಲಾಖೆಗಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಸಿರಿವಂತ ದೇಶಗಳ ಆಚೆ ಟೆನಿಸ್ ಹಬ್ಬಬೇಕಾದರೆ ಐದು ಬಳೆಗಳ ಮುದ್ರೆ ಬೇಕಿತ್ತು. ಇನ್ನೊಂದು ಲಾಭವೂ ಇತ್ತು. ಒಲಿಂಪಿಕ್‌ಗೆ ಹೋಗಬೇಕಾದರೆ ಆಟಗಾರ ತನ್ನ ದೇಶದ ಟೆನಿಸ್ ಸಂಸ್ಥೆಯ ಮೂಲಕವೇ ಹೋಗಬೇಕು. ಮುಂದೆ ಡೇವಿಸ್ ಕಪ್, ಮಹಿಳೆಯರ ಫೆಡ್ ಕಪ್‌ಗಳಿಗೆ ಲಭ್ಯವಿರುವುದನ್ನೂ ಷರತ್ತಾಗಿಸಲಾಯಿತು. 1973ರಲ್ಲಿ ಕೈಜಾರಿದ ಹಗ್ಗದ ಒಂದು ಎಳೆ ಹೀಗೆ ಮತ್ತೆ ಸಿಕ್ಕಿತು. 2012ರ ಲಂಡನ್ ಕೂಟಕ್ಕೆ ಮುನ್ನ ವೀನಸ್, ಸೆರೆನಾ ವಿಲಿಯಮ್ಸ್ ಫೆಡ್ ಕಪ್ ತಂಡಕ್ಕೆ ಮರಳಿದ್ದನ್ನು ನೋಡಿದರೆ ಆ ಎಳೆ ಎಷ್ಟು ಬಲವಾಗಿತ್ತೆಂದು ತಿಳಿಯುತ್ತದೆ.

ಒಲಿಂಪಿಕ್ ಸಮಿತಿಗೂ ಆಗ ಟೆನಿಸ್ ಬೇಕಿತ್ತು. 1980ರಲ್ಲಿ ಅಧ್ಯಕ್ಷರಾದ ಹುವಾನ್ ಆಂಟೋನಿಯೊ ಸಮರಾಂಚ್‌ಗೆ ಬಹಿಷ್ಕಾರಗಳಿಂದ ಬಡವಾದ ಕೂಟಕ್ಕೆ ಮನೆಮಾತಾದ ಮುಖಗಳು ಬೇಕಿದ್ದವು. 1981ರಲ್ಲಿ ಜರ್ಮನಿಯ ಬಾಡೆನ್-ಬಾಡೆನ್ ಸಭೆ 1988ರಿಂದ ಟೆನಿಸ್‌ಗೆ ಪೂರ್ಣ ಸ್ಥಾನ ಕೊಟ್ಟಿತು. ನಡುವೆ 1984ರ ಲಾಸ್ ಏಂಜಲೀಸ್‌ನಲ್ಲಿ 20 ವರ್ಷದೊಳಗಿನವರಿಗೆ ಪ್ರದರ್ಶನ ಸ್ಪರ್ಧೆ ನಡೆದು, ಸ್ಟೆಫಾನ್ ಎಡ್ಬರ್ಗ್ ಮತ್ತು ಆಗಿನ್ನೂ 15ರ ಸ್ಟೆಫಿ ಗ್ರಾಫ್ ಗೆದ್ದರು. ಇನ್ನು 1988ರ ತಿಂಗಳುಗಳನ್ನು ನೋಡಿ. ಯು.ಎಸ್. ಓಪನ್ ನಡೆಯುತ್ತಿದ್ದಾಗ ಎಟಿಪಿ ಮುಖಂಡರು ಫ್ಲಷಿಂಗ್ ಮೆಡೋಸ್ ಗೇಟಿನಾಚೆಯ ಕಾರು ನಿಲ್ದಾಣದಲ್ಲಿ ಪತ್ರಿಕಾಗೋಷ್ಠಿ ನಡೆಸಿ, 1990ರಿಂದ ತಮ್ಮದೇ ಟೂರ್ ಶುರು ಮಾಡುವುದಾಗಿ ಘೋಷಿಸಿದರು. ವರ್ಷವಿಡೀ ಆಟಗಾರರ ಓಡಾಟ ನಿರ್ಧರಿಸುವ ಕೆಲಸ ಅಲ್ಲಿಗೆ ಒಕ್ಕೂಟದ ಕೈತಪ್ಪಿತು. ಕೆಲವೇ ವಾರಗಳ ನಂತರ ಸಿಯೋಲ್‌ನಲ್ಲಿ ಅದೇ ಒಕ್ಕೂಟ ಒಲಿಂಪಿಕ್ ಟೆನಿಸ್‌ನ ಯಜಮಾನನಾಗಿ ಕೂತಿತ್ತು. ಒಂದು ಕೈಯಲ್ಲಿ ಹೋದದ್ದು ಇನ್ನೊಂದು ಕೈಗೆ ಬಂತೆನ್ನುವುದು ಅತಿಯಾದೀತು. ಹೋದದ್ದು ವರ್ಷದ ಬಹುಪಾಲು ವಾರಗಳು, ಬಂದದ್ದು ನಾಲ್ಕು ವರ್ಷಕ್ಕೊಂದು ವಾರ.

ಸಿಯೋಲ್‌ಗೆ ವಿಲಾಂಡರ್, ಲೆಂಡ್ಲ್, ಬೆಕರ್, ನವ್ರಾಟಿಲೋವಾ ಬರಲಿಲ್ಲ. ಗೆದ್ದವರು ಝೆಕೊಸ್ಲೊವಾಕಿಯದ ಮಿಲೊಸ್ಲಾವ್ ಮೆಚಿರ್. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪಟ್ಟ ಅವರಿಗೆ ಕೊನೆಗೂ ದಕ್ಕಲಿಲ್ಲ. ಸ್ಟೆಫಿ ಗ್ರಾಫ್ ಮಾತ್ರ ಸಬಾಟಿನಿಯನ್ನು ಸೋಲಿಸಿ, ಒಂದೇ ವರ್ಷದಲ್ಲಿ ನಾಲ್ಕು ಗ್ರ್ಯಾನ್‌ಸ್ಲಾಮ್ ಜೊತೆ ಒಲಿಂಪಿಕ್ ಚಿನ್ನವನ್ನೂ ಗೆದ್ದು ಆ ಸ್ಪರ್ಧೆಯ ಮಾನ ಕಾಪಾಡಿದರು. ಇಲ್ಲಿಂದ ಎರಡನೆಯ ಆಕ್ಷೇಪ ಹುಟ್ಟುತ್ತದೆ. ಒಲಿಂಪಿಕ್ ಸಿಂಗಲ್ಸ್‌ನಲ್ಲಿ ಶ್ರೇಷ್ಠರು ಗೆಲ್ಲುವುದಿಲ್ಲ, ಆದ್ದರಿಂದ ಅದು ದೊಡ್ಡ ಪಟ್ಟವಲ್ಲ ಎಂಬುದು. ಹೆಸರುಗಳೇನೋ ಈ ಮಾತಿಗೆ ಬೆಂಬಲವಾಗಿವೆ: ಮೆಚಿರ್, 1992ರ ಮಾರ್ಕ್ ರೊಸೆ, 2004ರ ನಿಕೊಲಾಸ್ ಮಸ್ಸು, ಮಹಿಳೆಯರಲ್ಲಿ 2008ರ ಎಲೆನಾ ಡೆಮೆಂಟಿಯೆವಾ, 2016ರ ಮೋನಿಕಾ ಪುಯಿಗ್. ಯಾರೂ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದವರಲ್ಲ. ಆದರೆ ಅದೇ ಪಟ್ಟಿಯಲ್ಲಿ ಅಗಾಸಿ, ನಡಾಲ್, ಮರ್ರೆ, ವಿಲಿಯಮ್ಸ್ ಸಹೋದರಿಯರು, ಹೆನಿನ್ ಇದ್ದಾರೆ. ಈ ಆಕ್ಷೇಪ ಎಡವುವುದು ಅಳತೆಗೋಲಿನಲ್ಲಿ. ಟೂರ್ ಎನ್ನುವುದು ವರ್ಷವಿಡೀ ನಡೆಯುವ ಶ್ರೇಣಿ ಪರೀಕ್ಷೆ, ಅಲ್ಲಿ ನೂರಾರು ಪಂದ್ಯಗಳ ಸರಾಸರಿ ಮಾತಾಡುತ್ತದೆ. ಒಲಿಂಪಿಕ್‌ನಲ್ಲಿ ಒಂದು ದೇಶಕ್ಕೆ ಸಿಂಗಲ್ಸ್‌ನಲ್ಲಿ ಹೆಚ್ಚೆಂದರೆ ನಾಲ್ಕು ಜನ, ಆಡುವುದು ಆರು ಸುತ್ತು, ಬಹುಮಾನದ ಹಣವಿಲ್ಲ, ತಪ್ಪಿದರೆ ಮುಂದಿನ ಅವಕಾಶ ನಾಲ್ಕು ವರ್ಷದ ಆಚೆ. ಒಂದರ ಸೇರಿನಿಂದ ಇನ್ನೊಂದನ್ನು ಅಳೆಯುವುದೇ ತಪ್ಪು. ಚಿಲಿ ದೇಶಕ್ಕೆ ಯಾವ ಕ್ರೀಡೆಯಲ್ಲೂ ಒಂದೂ ಚಿನ್ನ ಇರಲಿಲ್ಲ. 2004ರ ಅಥೆನ್ಸ್‌ನಲ್ಲಿ ಮಸ್ಸು ಮತ್ತು ಫರ್ನಾಂಡೊ ಗೊನ್ಸಾಲೆಸ್ ಡಬಲ್ಸ್ ಫೈನಲ್‌ನ ನಾಲ್ಕನೆಯ ಸೆಟ್ ಟೈಬ್ರೇಕರ್‌ನಲ್ಲಿ ನಾಲ್ಕು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ನಡುರಾತ್ರಿ ಕಳೆದ ಮೇಲೆ ಗೆದ್ದರು. ಮರುದಿನ ಮಸ್ಸು ಮತ್ತೆ ಐದು ಸೆಟ್ ಆಡಿ ಮಾರ್ಡಿ ಫಿಷ್‌ರನ್ನು ಸೋಲಿಸಿ ಎರಡನೆಯ ಚಿನ್ನ ತಂದರು. ಪುಯಿಗ್ ಗೆದ್ದದ್ದೂ ಪೋರ್ಟೊ ರಿಕೊದ ಮೊದಲ ಚಿನ್ನ. ಅದೇ 2004ರಲ್ಲಿ ಮಹಿಳಾ ಡಬಲ್ಸ್ ಚಿನ್ನದೊಂದಿಗೆ ಚೀನಾ ಟೆನಿಸ್ ನಕ್ಷೆಗೆ ಬಂತು. ಲಿ ನಾ ಗ್ರ್ಯಾನ್‌ಸ್ಲಾಮ್ ಗೆದ್ದದ್ದು ಅದಾಗಿ ಏಳು ವರ್ಷಕ್ಕೆ, ಝೆಂಗ್ ಕ್ವಿನ್‌ವೆನ್ ಸಿಂಗಲ್ಸ್ ಚಿನ್ನ ಗೆದ್ದದ್ದು 2024ರಲ್ಲಿ. ಸರ್ಕಾರಗಳ ಹಣ ಹರಿಸಬೇಕೆಂಬ ಶಾತ್ರಿಯೆ ಲೆಕ್ಕ ತಪ್ಪಿರಲಿಲ್ಲ.

ಭಾರತದ ಮಟ್ಟಿಗೆ ಈ ಅಳತೆಯ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಂಡದ್ದು 1996ರ ಅಟ್ಲಾಂಟಾದಲ್ಲಿ. ಲಿಯಾಂಡರ್ ಪೇಸ್ ಆಗ ಸಿಂಗಲ್ಸ್ ಕ್ರಮಾಂಕದಲ್ಲಿ 120ರ ಆಚೆ ಇದ್ದವರು, ವೈಲ್ಡ್ ಕಾರ್ಡ್ ಮೂಲಕ ಪ್ರವೇಶ ಪಡೆದವರು. ಮೊದಲ ಸುತ್ತಿನಲ್ಲಿ ಅಮೆರಿಕದ ರಿಚಿ ರೆನೆಬರ್ಗ್ ಮೂರನೆಯ ಸೆಟ್‌ನ ಆರಂಭದಲ್ಲೇ ಪಂದ್ಯ ಬಿಟ್ಟುಕೊಟ್ಟರು. ಆಮೇಲಿನದು ಅದೃಷ್ಟದ ಆಟವಲ್ಲ: ಪೆರೇರಾ, ಎನ್ಕ್ವಿಸ್ಟ್, ಫುರ್ಲಾನ್ ಮೂವರನ್ನೂ ನೇರ ಸೆಟ್‌ಗಳಲ್ಲಿ ಮಣಿಸಿ ಸೆಮಿಫೈನಲ್‌ಗೆ ಬಂದರು, ಅಲ್ಲಿ ಅಗಾಸಿಗೆ 7-6, 6-3ರಿಂದ ಸೋತರು. 1988 ಮತ್ತು 1992ರಲ್ಲಿ ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಕೊಡುತ್ತಿದ್ದರು. ಆ ನಿಯಮ ಉಳಿದಿದ್ದರೆ ಪೇಸ್ ಕೊರಳಿಗೆ ಪದಕ ಆಗಲೇ ಬಿದ್ದಿರುತ್ತಿತ್ತು. ಅಟ್ಲಾಂಟಾದಲ್ಲಿ ಅದಕ್ಕಾಗಿ ಇನ್ನೊಂದು ಪಂದ್ಯ ಆಡಬೇಕಿತ್ತು. ಮಣಿಕಟ್ಟಿನ ನೋವಿನಲ್ಲೇ ಆಡಿದ ಪೇಸ್, ಬ್ರೆಜಿಲ್‌ನ ಫರ್ನಾಂಡೊ ಮೆಲಿಜೆನಿ ಎದುರು ಮೊದಲ ಸೆಟ್ ಕಳೆದುಕೊಂಡು 3-6, 6-2, 6-4ರಿಂದ ಗೆದ್ದರು. 1952ರ ಹೆಲ್ಸಿಂಕಿಯಲ್ಲಿ ಕುಸ್ತಿಪಟು ಕೆ.ಡಿ. ಜಾಧವ್ ಕಂಚು ಗೆದ್ದ ನಂತರ ಭಾರತಕ್ಕೆ ಸಿಕ್ಕ ಮೊದಲ ವೈಯಕ್ತಿಕ ಪದಕ ಅದು. ಅಟ್ಲಾಂಟಾದಲ್ಲಿ ದೇಶಕ್ಕೆ ದಕ್ಕಿದ ಒಂದೇ ಪದಕವೂ ಹೌದು. ಟೂರ್‌ನಲ್ಲಿ ಪೇಸ್ ಇಡೀ ವೃತ್ತಿಜೀವನದಲ್ಲಿ ಗೆದ್ದ ಸಿಂಗಲ್ಸ್ ಪ್ರಶಸ್ತಿ 1998ರ ನ್ಯೂಪೋರ್ಟ್ ಒಂದೇ; ಅದು ಎಷ್ಟು ಜನರಿಗೆ ನೆನಪಿದೆ?

ಒಲಿಂಪಿಕ್ ಚಿನ್ನಕ್ಕೆ ತೂಕ ಬಂದದ್ದು ಆಟಗಾರರ ಸ್ವಂತ ಆಸೆಯಿಂದಲ್ಲವೇ, ಅದಕ್ಕೆ ಸಂಸ್ಥೆಗಳ ಹಿಡಿತ, ಹೂಟವೆಂದು ಏಕೆ ಎಳೆದಾಡಬೇಕು ಎಂಬ ಮೂರನೆಯ ಆಕ್ಷೇಪವೂ ಉಂಟು. ಇದರಲ್ಲಿ ಹುರುಳಿದೆ, ನಾನು ಇದಕ್ಕೆ ಅರ್ಧ ಸೋಲುತ್ತೇನೆ. 2000ದಿಂದ 2012ರ ತನಕ ಒಲಿಂಪಿಕ್ ಗೆಲುವಿಗೆ ಪುರುಷರ ರ‍್ಯಾಂಕಿಂಗ್ ಪಾಯಿಂಟ್ ಸಿಗುತ್ತಿತ್ತು. ಟೂರ್ ನಡೆಸುವವರು ತಾವು ಒಪ್ಪಿಕೊಂಡ ಸ್ಪರ್ಧೆಗೆ ಕೊಡುವ ಸಂಬಳ ಅದು. 2016ರಿಂದ ಅದು ನಿಂತಿತು, ಆ ವರ್ಷ ಕೆಲವರು ರಿಯೊಗೆ ಬರಲೂ ಇಲ್ಲ. ಬಂದವರಲ್ಲಿ ಹುವಾನ್ ಮಾರ್ಟಿನ್ ಡೆಲ್ ಪೊಟ್ರೊ ಮೊದಲ ಸುತ್ತಿನಲ್ಲಿ ಜೊಕೊವಿಚ್‌ರನ್ನು, ಸೆಮಿಫೈನಲ್‌ನಲ್ಲಿ ನಡಾಲ್‌ರನ್ನು ಕೆಡವಿ ಫೈನಲ್‌ನಲ್ಲಿ ಮರ್ರೆಗೆ ಸೋತದ್ದನ್ನು ನೋಡಿದವರು, ಪಾಯಿಂಟ್‌ಗಾಗಿ ಯಾರೂ ಹಾಗೆ ಆಡುವುದಿಲ್ಲವೆಂದು ಒಪ್ಪುತ್ತಾರೆ. 2008ರಲ್ಲಿ ಕಂಚು ಗೆದ್ದಿದ್ದ ಜೊಕೊವಿಚ್ ಚಿನ್ನಕ್ಕಾಗಿ ಮತ್ತೆ ಮೂರು ಕೂಟಗಳಲ್ಲಿ ಬರಿಗೈಯಲ್ಲಿ ಮರಳಿ, 2024ರ ಆಗಸ್ಟ್ 4ರಂದು, 37ನೆಯ ವಯಸ್ಸಿನಲ್ಲಿ, ಕಾರ್ಲೊಸ್ ಅಲ್ಕರಾಜ್‌ರನ್ನು 7-6, 7-6ರಿಂದ ಸೋಲಿಸಿ ಅದನ್ನು ಗೆದ್ದರು. ಆಸೆ ಅವರದೇ, ಸಂದೇಹವಿಲ್ಲ. ಆದರೆ ಆ ಆಸೆ ಹುಟ್ಟುವ ಜಾಗವನ್ನು ಉಳಿಸಿಕೊಟ್ಟದ್ದು ಟೂರ್‌ನ ಆಚೆ ನಿಂತ ಇನ್ನೊಂದು ಯಜಮಾನಿಕೆ. ಪಂದ್ಯ ನಡೆದದ್ದು ರೋಲ್ಯಾಂಡ್ ಗ್ಯಾರೊಸ್‌ನಲ್ಲಿ, ಫಿಲಿಪ್ ಶಾತ್ರಿಯೆ ಹೆಸರಿನ ಅಂಗಣದಲ್ಲಿ.

ಈ ಯಜಮಾನಿಕೆಗೆ ಇನ್ನೊಂದು ಮುಖವಿದೆ, ಅದನ್ನು ಕರ್ನಾಟಕ ಹತ್ತಿರದಿಂದ ಕಂಡಿದೆ. 2012ರ ಲಂಡನ್ ಕೂಟಕ್ಕೆ ಮುನ್ನ ಅಖಿಲ ಭಾರತ ಟೆನಿಸ್ ಸಂಸ್ಥೆ ಎಐಟಿಎ, ಪುರುಷರ ಡಬಲ್ಸ್‌ಗೆ ಪೇಸ್ ಮತ್ತು ಮಹೇಶ್ ಭೂಪತಿ ಜೋಡಿಯನ್ನು ಹೆಸರಿಸಿತು. ಟೂರ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಜೊತೆ ಆಡುತ್ತಿದ್ದ ಭೂಪತಿ ಒಪ್ಪಲಿಲ್ಲ, ಬೋಪಣ್ಣ ಕೂಡ ಪೇಸ್ ಜೊತೆ ಆಡಲೊಲ್ಲೆ ಎಂದರು. ಟೂರ್‌ನಲ್ಲಿ ಜೊತೆಗಾರನನ್ನು ಆರಿಸುವುದು ಆಟಗಾರನ ಹಕ್ಕು, ಒಲಿಂಪಿಕ್‌ನಲ್ಲಿ ಸಂಸ್ಥೆಯದು. ಜಗಳ ಬೀದಿಗೆ ಬಂದು, ಕೊನೆಗೆ ಎರಡು ಜೋಡಿ ಹೋದವು. ಮಿಶ್ರ ಡಬಲ್ಸ್‌ನಲ್ಲಿ ಪೇಸ್‌ರನ್ನು ಸಮಾಧಾನಪಡಿಸಲು ತನ್ನನ್ನು ದಾಳವಾಗಿ ಬಳಸಿದರೆಂದು ಸಾನಿಯಾ ಮಿರ್ಜಾ ಬಹಿರಂಗವಾಗಿಯೇ ಕಿಡಿಕಾರಿದರು. ಪದಕ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಎಐಟಿಎ ಭೂಪತಿ, ಬೋಪಣ್ಣ ಇಬ್ಬರನ್ನೂ 2014ರ ಜೂನ್ ತನಕ ದೇಶದ ತಂಡದಿಂದ ದೂರವಿಟ್ಟಿತು. ಕರ್ನಾಟಕ ಹೈಕೋರ್ಟ್ ಆ ನಿಷೇಧಕ್ಕೆ ತಡೆಯಾಜ್ಞೆ ಕೊಟ್ಟಿತು. ಪಿಲಿಚ್ ಪ್ರಕರಣದಲ್ಲಿ 81 ಆಟಗಾರರು ಮಾಡಿದ್ದನ್ನು ಇಲ್ಲಿ ನ್ಯಾಯಾಲಯ ಮಾಡಿತು ಎನ್ನಬಹುದು, ತಾತ್ಕಾಲಿಕವಾಗಿ. 2024ರ ಪ್ಯಾರಿಸ್ ಕೂಟದ ಹೊತ್ತಿಗೆ ಬೋಪಣ್ಣ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಹತ್ತರಲ್ಲಿದ್ದರು. ಆ ಕ್ರಮಾಂಕದ ಬಲದಿಂದ ಜೊತೆಗಾರನನ್ನು ಸೂಚಿಸುವ ಅವಕಾಶ ಅವರಿಗಿತ್ತು, ಎನ್. ಶ್ರೀರಾಮ್ ಬಾಲಾಜಿ ಅವರನ್ನು ಸೂಚಿಸಿದರು. ಒಪ್ಪಿಗೆಯ ಮುದ್ರೆ ಒತ್ತಿದ್ದು ಮಾತ್ರ ಅದೇ ಎಐಟಿಎ.